ನಿಧಾನವೇ ಪ್ರಧಾನವಾದ ಗಣಕಯಂತ್ರ

ಒಂದು ಗುಣಾಕಾರವನ್ನು ಮುಗಿಸಲು ಐದರಿಂದ ಹತ್ತು ಸೆಕೆಂಡುಗಳನ್ನು ತೆಗೆದುಕೊಳ್ಳುವ ಗಣಕಯಂತ್ರವೊಂದಿದೆಯೆಂದರೆ ಇಂದಿನ ಶಾಲಾಬಾಲಕನೂ ನಕ್ಕಾನು. ಆದರೆ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿರುವ ಗಣಕಯಂತ್ರಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2012ನೆಯ ಇಸವಿಯ ನವೆಂಬರ್ 20ರಂದು ಅಂತಹ ಯಂತ್ರವೊಂದು ಮರಳಿ ಚಲಿಸತೊಡಗಿದಾಗ ನೆರೆದವರು ಯಾರೂ ನಗಲಿಲ್ಲ. ಅದರ ಮೂಲ ನಿರ್ಮಾಪಕರಲ್ಲಿ ಇಬ್ಬರು ಆ ದಿನ ಎದುರಿನಲ್ಲೇ ಇದ್ದರು.

ಹಾರ್ವೆಲ್ ಡೆಕಟ್ರಾನ್ ಎಂಬುದು ಇದರ ಹೆಸರು. ಹಾರ್ವೆಲ್ಲಿನ ಪರಮಾಣು ಶಕ್ತಿ ಸಂಶೋಧನಾ ಕೇಂದ್ರದಲ್ಲಿ ಪದವೀಧರ ತರುಣರು ಕೈಯಂತ್ರಗಳ ಮುಂದೆ ಕುಳಿತು ದಿನವಿಡೀ ಲೆಕ್ಕ ಮಾಡುತ್ತಿದ್ದ ಕಾಲವದು. ಅವರ ಹೊರೆಯನ್ನು ಇಳಿಸಲೆಂದು 1949ರಲ್ಲಿ ಆರಂಭವಾದ ಈ ಯಂತ್ರವು 1951ರಲ್ಲಿ ಕೆಲಸಕ್ಕೆ ತೊಡಗಿತು. ಒಮ್ಮೆ ನುರಿತ ಗಣಿತಜ್ಞರೊಬ್ಬರು ಕೈಯಂತ್ರವನ್ನು ಹಿಡಿದು ಇದರೊಡನೆ ಪಂದ್ಯಕ್ಕಿಳಿದರು. ಅರ್ಧ ಗಂಟೆಯವರೆಗೆ ಇಬ್ಬರೂ ಸಮಸಮ. ಆಮೇಲೆ ಮನುಷ್ಯನು ಬಳಲಿ ಎದ್ದನು, ಯಂತ್ರವು ತನ್ನ ಪಾಡಿಗೆ ಮುಂದುವರಿಯಿತು! ವೇಗವಲ್ಲ, ದಣಿವಿಲ್ಲದಿರುವುದೇ ಅದರ ಹಿರಿಮೆ.

ಯಂತ್ರದ ತೂಕ ಎರಡೂವರೆ ಟನ್. ಅದರಲ್ಲಿ 828 ಡೆಕಟ್ರಾನ್ ಕೊಳವೆಗಳೂ 480 ರಿಲೇಗಳೂ ಇವೆ. ಡೆಕಟ್ರಾನ್ ಎಂದರೆ ಅನಿಲ ತುಂಬಿದ ಗಾಜಿನ ಕೊಳವೆ. ಅದರೊಳಗೆ ವೃತ್ತಾಕಾರವಾಗಿ ಹತ್ತು ಸ್ಥಾನಗಳು. ಬೆಳಕಿನ ಚುಕ್ಕೆಯೊಂದು ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತಾ ಸೊನ್ನೆಯಿಂದ ಒಂಬತ್ತರವರೆಗೆ ಎಣಿಸುತ್ತದೆ. ಯಂತ್ರವು ಲೆಕ್ಕ ಮಾಡುವುದನ್ನು ನೋಡುವವನು ಕಣ್ಣಾರೆ ಕಾಣಬಹುದು.

ಇದರ ಬದುಕೆಲ್ಲ ಪ್ರವಾಸವೇ. ಯಾರು ಇದನ್ನು ಚೆನ್ನಾಗಿ ಬಳಸಬಲ್ಲರೆಂದು 1957ರಲ್ಲಿ ಸ್ಪರ್ಧೆಯೊಂದು ನಡೆದು, ಯಂತ್ರವು ವುಲ್ವರ್‌ಹ್ಯಾಂಪ್ಟನ್ನಿನ ತಾಂತ್ರಿಕ ಕಾಲೇಜಿನ ಪಾಲಾಯಿತು. ಅಲ್ಲಿ ‘ವಿಚ್’, ಅಂದರೆ ಮಾಟಗಾತಿ, ಎಂಬ ಹೆಸರನ್ನು ಪಡೆದು 1973ರವರೆಗೆ ವಿದ್ಯಾರ್ಥಿಗಳಿಗೆ ಪಾಠ ಹೇಳಿತು. ಬಳಿಕ ಬರ್ಮಿಂಗ್‌ಹ್ಯಾಮಿನ ವಸ್ತುಸಂಗ್ರಹಾಲಯವನ್ನು ಸೇರಿತು. 1997ರಲ್ಲಿ ಅದೂ ಮುಚ್ಚಲು, ಭಾಗಭಾಗವಾಗಿ ಬಿಚ್ಚಲ್ಪಟ್ಟು ಉಗ್ರಾಣದ ಕತ್ತಲೆಗೆ ಸಂದಿತು. ಹದಿಹರೆಯದಲ್ಲಿ ಅದನ್ನು ಕಂಡು ಬೆರಗಾಗಿದ್ದ ಕೆವಿನ್ ಮರೆಲ್ ಎಂಬವರು ಉಗ್ರಾಣದ ಛಾಯಾಚಿತ್ರವೊಂದರಲ್ಲಿ ಅದರ ನಿಯಂತ್ರಣ ಫಲಕವನ್ನು ಗುರುತಿಸದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತೇನೋ!

2009ರ ಸೆಪ್ಟೆಂಬರಿನಲ್ಲಿ ಅದು ಬ್ಲೆಚ್ಲಿ ಪಾರ್ಕಿಗೆ ಬಂದಿಳಿಯಿತು. ಇಂತಹ ಮುದಿಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತನ್ನು ಹರಿಸುವಂತಿಲ್ಲ. ದಶಕಗಳ ಕಾಲ ಸುಮ್ಮನಿದ್ದ ಬಿಡಿಭಾಗವೊಂದು ಸುಟ್ಟರೆ ಅದರೊಡನೆ ಹಲವು ಭಾಗಗಳು ಹಾಳಾಗಬಹುದು. ಧೂಳನ್ನು ತೆಗೆಯಬೇಕು, ರಿಲೇಗಳ ಸಂಪರ್ಕಸ್ಥಾನಗಳನ್ನು ಶುಚಿಗೊಳಿಸಬೇಕು, ತಂತಿಗಳನ್ನು ಪರೀಕ್ಷಿಸಬೇಕು. ಡೆಲ್ವಿನ್ ಹಾಲ್ರಾಯ್ಡ್ ಅವರ ನೇತೃತ್ವದ ತಂಡವು ಸಂದರ್ಶಕರ ಕಣ್ಣೆದುರಿನಲ್ಲೇ ಮೂರು ವರ್ಷ ದುಡಿಯಿತು. ಹೊಸ ಭಾಗಗಳನ್ನು ತುಂಬಿ ಚಲಿಸುವಂತೆ ಮಾಡುವುದು ಸುಲಭವಿದ್ದೀತು. ಆದರೆ ಆಗ ಉಳಿಯುವುದು ಹಳೆಯ ಯಂತ್ರದ ಆಕಾರ ಮಾತ್ರ. ಆದುದರಿಂದಲೇ ಸಾಧ್ಯವಾದಷ್ಟೂ ಮೂಲ ಭಾಗಗಳನ್ನೇ ಉಳಿಸಿಕೊಳ್ಳಲಾಯಿತು.

ಗಾಜಿನ ಪೆಟ್ಟಿಗೆಯಲ್ಲಿ ಮೌನವಾಗಿ ನಿಂತ ಯಂತ್ರವು ತನ್ನ ಹೆಸರನ್ನಷ್ಟೇ ಹೇಳುತ್ತದೆ. ರಿಲೇಗಳ ಟಕಟಕ ಸದ್ದು, ಕೊಳವೆಗಳಲ್ಲಿ ಕುಣಿಯುವ ಬೆಳಕು, ಮೆಲ್ಲಮೆಲ್ಲನೆ ಮೂಡುವ ಉತ್ತರ, ಇವನ್ನು ಕಂಡ ಮಗುವಿಗೆ ಗಣಕವೆಂದರೆ ಮಾಯೆಯಲ್ಲ, ಮನುಷ್ಯನ ಬುದ್ಧಿಯೂ ಕೈಚಳಕವೂ ಕೂಡಿದ ಕಾರ್ಯವೆಂಬುದು ತಾನಾಗಿ ತಿಳಿಯುತ್ತದೆ. ಮಾಟಗಾತಿಯು ಮುಪ್ಪಿನಲ್ಲಿಯೂ ಪಾಠ ಹೇಳುವುದನ್ನು ಬಿಟ್ಟಿಲ್ಲ.