ತೋಟದ ಎಂಜಿನಿನ ಹೊಗೆಗೂ ಒಂದು ಲೆಕ್ಕ



ಕಳೆದ ತಿಂಗಳು ಕಾರ್ಯನಿಮಿತ್ತ ಧಾರವಾಡಕ್ಕೆ ಹೋಗಿದ್ದಾಗ ಮಾಳಮಡ್ಡಿಯ ನೆಂಟರ ಮನೆಯಲ್ಲಿ ಎರಡು ದಿನ ಉಳಿದಿದ್ದೆವು. ಬೀದಿಯಲ್ಲಿ ನೆಲ ಅಗೆಯುವ ಯಂತ್ರ ಕೆಲಸ ನಡೆಸಿತ್ತು. ವಿದ್ಯುತ್ತು ಹೋದೊಡನೆ ಪಕ್ಕದ ಕಟ್ಟಡದ ಜನರೇಟರೂ ಗುಡುಗತೊಡಗಿತು. ಕಿಟಕಿ ಮುಚ್ಚುತ್ತ ನಾವು, "ಪೇಟೆಯ ಗಾಳಿಯೇ ಹೀಗೆ, ನಮ್ಮ ತೋಟಕ್ಕೆ ಬನ್ನಿ" ಎಂದೆವು. ಮನೆಯ ಹಿರಿಯರು ನಕ್ಕು, "ನಿಮ್ಮ ತೋಟದಾಗ ಎಂಜಿನ್ ಎಷ್ಟು ಅದಾವ? ವರ್ಷಕ್ಕ ಎಷ್ಟು ಎಣ್ಣಿ ಸುಡತೀರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ನಗರದ ಗಾಳಿಗೆ ಲೆಕ್ಕ ಕೇಳುವವರಿದ್ದಾರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಗಳೊಡನೆ ಹುಬ್ಬಳ್ಳಿ-ಧಾರವಾಡವೂ ಸೇರಿದೆ. ರಸ್ತೆಯ ವಾಹನಕ್ಕೆ ಹೊಗೆ ತಪಾಸಣೆಯ ಚೀಟಿ ಬೇಕು. ಆದರೆ ನಮ್ಮ ಡೀಸೆಲ್ ಪಂಪು, ಹೂಮಳೆಗೆ ಹಚ್ಚುವ ಸ್ಪ್ರಿಂಕ್ಲರ್ ಎಂಜಿನು, ಪಲ್ಪರು, ಕಳೆ ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರ ಇವು ರಸ್ತೆಗೆ ಬರುವುದೇ ಇಲ್ಲ. ಅವಕ್ಕೆ ಚೀಟಿ ಕೇಳುವವರಿಲ್ಲ. ನಾವೂ ಲೆಕ್ಕ ಇಟ್ಟಿಲ್ಲ.

ಲೆಕ್ಕ ಕಷ್ಟದ್ದಲ್ಲ. ಎಂಜಿನಿನ ಶಕ್ತಿ, ಅದರಲ್ಲಿ ನಿಜವಾಗಿ ಬಳಕೆಯಾಗುವ ಪಾಲು, ವರ್ಷದಲ್ಲಿ ಓಡಿದ ಗಂಟೆ, ಪ್ರತಿ ಯೂನಿಟ್ ಶಕ್ತಿಗೆ ಹೊರಬೀಳುವ ಮಾಲಿನ್ಯ, ಈ ನಾಲ್ಕನ್ನೂ ಗುಣಿಸಿದರೆ ಮುಗಿಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಡೀ ದೇಶದ ಇಂಥ ಎಂಜಿನುಗಳಿಗೆ ಅನುಸರಿಸುವುದೂ ಮೂಲತಃ ಇದೇ ಗುಣಾಕಾರ. ಎಂಜಿನುಗಳ ಸಂಖ್ಯೆಯೊಂದು ಹೆಚ್ಚಿಗೆ, ಅಷ್ಟೆ.

ಉದಾಹರಣೆಗೆ, 5 ಅಶ್ವಶಕ್ತಿಯ ಪಂಪು ಎಂದರೆ 3.7 ಕಿಲೋವ್ಯಾಟ್. ಹತ್ತರಲ್ಲಿ ಎಂಟು ಪಾಲು ಹೊರೆಯಲ್ಲಿ ವರ್ಷಕ್ಕೆ 300 ಗಂಟೆ ಓಡಿತೆನ್ನೋಣ; 888 ಯೂನಿಟ್ ಆಯಿತು. 2014ರಲ್ಲಿ ಬಂದ ನಿಯಮದಂತೆ ಸಣ್ಣ ಡೀಸೆಲ್ ಜನರೇಟರಿನಿಂದ ಯೂನಿಟ್ಟಿಗೆ 0.3 ಗ್ರಾಂಗಿಂತ ಹೆಚ್ಚು ಕಣ ಬರಬಾರದು. ಅದನ್ನೇ ಅಳತೆಗೋಲು ಮಾಡಿಕೊಂಡರೂ ನಮ್ಮ ಪಂಪಿನಿಂದ ವರ್ಷಕ್ಕೆ 266 ಗ್ರಾಂ ಮಸಿ. ಹಳೆಯ, ಸವೆದ ಎಂಜಿನಾದರೆ ಇದರ ಹಲವು ಪಟ್ಟು. ಗಂಟೆಗೆ ಒಂದು ಲೀಟರಿನಂತೆ 300 ಲೀಟರ್ ಡೀಸೆಲ್ ಉರಿದರೆ, ಲೀಟರಿಗೆ ಸುಮಾರು 2.7 ಕಿಲೋದಂತೆ 810 ಕಿಲೋ ಇಂಗಾಲದ ಡೈಆಕ್ಸೈಡೂ ಹೊರಟಿತು.

ತೋಟ ವಿಶಾಲ, ಗಾಳಿ ಧಾರಾಳ. 266 ಗ್ರಾಂ ಏನು ಮಹಾ ಎನ್ನಬಹುದು. ನಿಜ, ಆದರೆ ಆ ಹೊಗೆ ಮೊದಲು ಹೋಗುವುದು ಎಂಜಿನಿನ ಪಕ್ಕದಲ್ಲೇ ನಿಂತ ಆಳಿನ ಮೂಗಿಗೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ, ಕಳೆ ಸವರುವಾಗ ಪೆಟ್ರೋಲ್ ಎಂಜಿನು ಅವನ ಬೆನ್ನ ಮೇಲೆಯೇ ಇರುವುದುಂಟು. ಎಣ್ಣೆ ಬೆರೆಸಿ ಓಡಿಸುವ ಹಳೆಯ ಮಾದರಿಯ ಟೂ-ಸ್ಟ್ರೋಕ್ ಎಂಜಿನಿನಲ್ಲಿ ಸುಮಾರು ಕಾಲುಭಾಗ ಇಂಧನ ಉರಿಯದೆಯೇ ಹೊರಹೋಗುತ್ತದೆ. ನಾಲ್ಕು ಲೀಟರ್ ತಂದರೆ ಒಂದು ಲೀಟರಿನ ದುಡ್ಡು ಗಾಳಿಗೆ, ಆ ಗಾಳಿ ಅವನ ಎದೆಗೆ. ಮುಚ್ಚಿದ ಪಂಪುಮನೆಯಲ್ಲಂತೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾದೀತು. ಹೊಗೆಕೊಳವೆಯನ್ನು ಗೋಡೆಯಾಚೆಗೆ ಹಾಯಿಸಿ, ಬಾಗಿಲು ಕಿಟಕಿ ತೆರೆದಿಡತಕ್ಕದ್ದು.

ಹೊಗೆಯ ಬಣ್ಣವನ್ನೂ ಗಮನಿಸಿರಿ. ಕಪ್ಪಾದರೆ ಗಾಳಿಯ ಫಿಲ್ಟರು ಕಟ್ಟಿದೆ, ಹೊರೆ ಮೀರಿದೆ, ಇಲ್ಲವೆ ಇಂಜೆಕ್ಟರು ಕೆಟ್ಟಿದೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು ನೋಡಿಸಿರಿ. ಎಂಜಿನು ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ಒಳಗೆ ನೀರು ಸೇರಿದೆ.

ಕೂಲಿ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನಾಲ್ಕು ಗೆರೆ ಎಳೆದರೆ ಸಾಕು: ಯಂತ್ರ, ಓಡಿದ ಗಂಟೆ, ಹಾಕಿದ ಲೀಟರ್, ಹೊಗೆಯ ಬಣ್ಣ. ಗಂಟೆಗೆ ಬೀಳುವ ಲೀಟರ್ ಏರುತ್ತ ಹೋದರೆ ಮೆಕ್ಯಾನಿಕನನ್ನು ಕರೆಯುವ ಕಾಲ ಬಂತೆಂದೇ ಅರ್ಥ. ನಾಳೆ ಯಾರಾದರೂ ತೋಟದ ಹೊಗೆಯನ್ನು ಅಳೆಯಲು ಬಂದರೆ, ಅವರ ಊಹೆಗೆ ತಲೆಯಾಡಿಸುವ ಬದಲು ನಮ್ಮ ಪುಸ್ತಕವನ್ನೇ ಮುಂದಿಡಬಹುದು.

ನಾವಂತೂ ಊರಿಗೆ ಮರಳಿದ ದಿನವೇ ಗೆರೆ ಎಳೆದಿದ್ದೇವೆ. ಮುಂದಿನ ಸಲ ಮಾಳಮಡ್ಡಿಗೆ ಹೋದಾಗ ಹಿರಿಯರಿಗೆ ಉತ್ತರ ಹೇಳಬೇಕಲ್ಲ!