ನಿಜಾಮರ ಒಡವೆಗಳು ಈಗೆಲ್ಲಿವೆ?

ಉಮರ್ಗಾ, ನಿಲಂಗಾ, ಉದಗೀರ ಮೂರೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ನಿಲಂಗಾ, ಉದಗೀರ ತಾಲೂಕುಗಳಂತೂ 1956ರವರೆಗೆ ಬೀದರ ಜಿಲ್ಲೆಯವೇ. ನಮ್ಮ ಹಿರಿಯರು ಕಂದಾಯ ಕಟ್ಟಿದ್ದು ಆ ಸರ್ಕಾರಕ್ಕೆ. ಹೀಗಾಗಿ ನಿಜಾಮರ ಒಡವೆಗಳೆಂದರೆ ನಮಗೆ ಪರರ ಮನೆಯ ಸುದ್ದಿಯಲ್ಲ.

ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1951–52ರಲ್ಲಿ ಎರಡು ಟ್ರಸ್ಟ್ ಮಾಡಿ ಆಯ್ದ ಒಡವೆಗಳನ್ನು ಅವಕ್ಕೆ ಒಪ್ಪಿಸಿದರು. 1967ರಲ್ಲಿ ಅವರು ತೀರಿಕೊಂಡರು. ಆಮೇಲೆ ಮಾರಾಟದ ಮಾತು ಕೋರ್ಟು ಹತ್ತಿ ವರ್ಷಗಟ್ಟಲೆ ಜಗ್ಗಿತು. ಕಡೆಗೆ 1995ರಲ್ಲಿ ಕೇಂದ್ರ ಸರ್ಕಾರ ಸುಮಾರು 218 ಕೋಟಿ ರೂಪಾಯಿ ಕೊಟ್ಟು 173 ಒಡವೆಗಳನ್ನು ಕೊಂಡಿತು. ಏಳೆಳೆಯ ಮುತ್ತಿನ ಸರ, ಪೇಟದ ಸರಪೇಚ್, ಪಚ್ಚೆಗಳು ಅದರಲ್ಲಿವೆ. 184.75 ಕ್ಯಾರೆಟ್ಟಿನ ಜೇಕಬ್ ವಜ್ರವೂ ಇದೆ. ತಂದೆಯ ಪಾದರಕ್ಷೆಯ ತುದಿಯಲ್ಲಿ ಸಿಕ್ಕ ಈ ವಜ್ರವನ್ನು ಉಸ್ಮಾನ್ ಅಲಿ ಖಾನರು ಕಾಗದ ಹಾರದಂತೆ ಮೇಲಿಡಲು ಬಳಸುತ್ತಿದ್ದರಂತೆ!

2001ರಲ್ಲಿ ದೆಹಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ, ಬಳಿಕ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಇವು ಜನರ ಕಣ್ಣಿಗೆ ಬಿದ್ದವು. 2006ರಲ್ಲಿ ಮತ್ತೆ ಹೈದರಾಬಾದಿನಲ್ಲಿ, 2019ರಲ್ಲಿ ದೆಹಲಿಯಲ್ಲಿ ಪ್ರದರ್ಶನ ನಡೆಯಿತು. ಪ್ರದರ್ಶನ ಮುಗಿದರೆ ಮತ್ತೆ ರಿಸರ್ವ್ ಬ್ಯಾಂಕಿನ ತಿಜೋರಿಯೇ ಗತಿ. ಸಾರ್ವಜನಿಕರ ದುಡ್ಡಿನಿಂದ ಕೊಂಡದ್ದು ಕತ್ತಲಲ್ಲಿರುವುದು ನಮಗೆ ಸರಿ ಕಾಣದು. ಹೈದರಾಬಾದಿನಲ್ಲೇ ಕಾಯಂ ಇಡಿ ಎಂಬ ಅಲ್ಲಿನವರ ಬೇಡಿಕೆಗೆ ನಮ್ಮ ದನಿಯೂ ಸೇರಲಿ. ಉಮರ್ಗಾ ಹೈದರಾಬಾದ್ ಹೆದ್ದಾರಿಯ ಮೇಲೇ ಇದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಕ್ಕಳಿಗೆ ತೋರಿಸಿಕೊಂಡು ಬರಬಹುದು.