ಹೊಳೆಯ ಈಜು ಕಡಲಿಗೆ ಸಾಲದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೆ ಕಡಲು ದೂರ. ಆದರೂ ಶಾಲಾ ಪ್ರವಾಸದ ಬಸ್ಸು ಮುರ್ಡೇಶ್ವರ, ಗೋಕರ್ಣ, ಮಲ್ಪೆಯ ದಾರಿ ಹಿಡಿಯುತ್ತದೆ. ಹೊಸದಾಗಿ ಮದುವೆಯಾದವರ ಬಾಯಲ್ಲಿ ಅಂಡಮಾನ್, ಮಾಲ್ದೀವ್ಸ್ ಹೆಸರು ಕೇಳಿಬರುತ್ತಿದೆ. ಅವರ ಜೊತೆ ಬಯಲುಸೀಮೆಯ ಕೆಲವು ನಂಬಿಕೆಗಳೂ ಪ್ರಯಾಣ ಹೊರಡುತ್ತವೆ. ಊರಿನಲ್ಲಿ ಅವು ನಡೆಯುತ್ತವೆ, ಕಡಲ ದಂಡೆಯಲ್ಲಿ ನಡೆಯುವುದಿಲ್ಲ.

ತಪ್ಪು ಕಲ್ಪನೆ: ಬಾವಿ, ಹೊಳೆಯಲ್ಲಿ ಈಜಿದವರಿಗೆ ಕಡಲೇನು ಮಹಾ? ಅಲೆ ಇಲ್ಲದ ಕಡೆ ಇಳಿದರಾಯಿತು.

ಸತ್ಯ: ಬಾವಿಯದು ನಿಂತ ನೀರು. ತುಂಗಭದ್ರೆ ಹರಿಯುವುದು ಒಂದೇ ದಿಕ್ಕಿಗೆ. ಕಡಲಿನಲ್ಲಿ ದಡಕ್ಕೆ ಅಪ್ಪಳಿಸಿದ ನೀರು ವಾಪಸ್ ಹೋಗಲು ಮರಳ ದಿಬ್ಬಗಳ ನಡುವೆ ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಇದೇ ರಿಪ್ ಕರೆಂಟ್. ಅಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದು ಕಡಿಮೆ. ಎರಡೂ ಬದಿ ಬಿಳಿನೊರೆ, ನಡುವೆ ಮಾತ್ರ ಕಪ್ಪಗೆ, ಶಾಂತವಾಗಿ ಕಾಣುವ ಪಟ್ಟೆ. ಹೊಸಬರು ಇಳಿಯಲು ಆರಿಸಿಕೊಳ್ಳುವುದು ಅದನ್ನೇ!

ಈ ಸೆಳೆತ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರ ಒಯ್ಯುತ್ತದೆ. ಗಾಬರಿಯಿಂದ ದಡದ ಕಡೆ ನೇರವಾಗಿ ಈಜುವವರು ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು. ಅದೂ ಆಗದಿದ್ದರೆ ತೇಲುತ್ತಾ ಕೈಯೆತ್ತಿ ಸಹಾಯ ಕೇಳಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರ ಊರು ಮುಳಬಾಗಿಲು, ಅದೂ ಬಯಲುಸೀಮೆಯೇ.

ತಪ್ಪು ಕಲ್ಪನೆ: ನಮ್ಮ ಬಿಸಿಲು ಕಂಡವರಿಗೆ ಕರಾವಳಿಯ ಬಿಸಿಲು ಯಾವ ಲೆಕ್ಕ?

ಸತ್ಯ: ಕೊಟ್ಟೂರಿನದು ಒಣ ಬಿಸಿಲು. ಬೆವರು ಬೇಗ ಆರುತ್ತದೆ, ಮೈ ತಣ್ಣಗಾಗುತ್ತದೆ. ಕರಾವಳಿಯಲ್ಲಿ ಉಷ್ಣಾಂಶ ಕಡಿಮೆ ಇದ್ದರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ದೇಹ ಬಳಲುತ್ತದೆ. ಇನ್ನು ಚರ್ಮ ಸುಡುವುದು ಸೆಕೆಯಿಂದಲ್ಲ, ನೇರಳಾತೀತ ಕಿರಣಗಳಿಂದ. ತೆಳು ಮೋಡ ಅವನ್ನು ತಡೆಯುವುದಿಲ್ಲ. ಮರಳು, ನೊರೆಗಳಿಂದ ಪ್ರತಿಫಲಿಸಿ ಕೊಡೆಯ ಕೆಳಗೂ ಬರುತ್ತವೆ. ಗಾಳಿ ತಂಪಾಗಿ ಬೀಸುವಾಗ ಏನೂ ಗೊತ್ತಾಗುವುದಿಲ್ಲ. ಉರಿ ಶುರುವಾಗುವುದು ಸಂಜೆ, ರೂಮಿಗೆ ಬಂದ ಮೇಲೆ.

ತಪ್ಪು ಕಲ್ಪನೆ: ಜೂನ್, ಜುಲೈನಲ್ಲಿ ರೂಮು ಅಗ್ಗ, ಮಳೆಯೂ ಅಷ್ಟೇನಿಲ್ಲ.

ಸತ್ಯ: ಈ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿವೆ. ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್ ಹೊತ್ತಿಗೆ. ಕರಾವಳಿಗೆ ಜೂನ್, ಜುಲೈಯೇ ದೊಡ್ಡ ಮಳೆಗಾಲ. ಆ ಎರಡು ತಿಂಗಳು ರಾಜ್ಯದಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ.

ತಪ್ಪು ಕಲ್ಪನೆ: ದ್ವೀಪಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು.

ಸತ್ಯ: ಮಾಲ್ದೀವ್ಸ್‌ಗೆ ಬೇಕು, ವೀಸಾ ಮಾತ್ರ ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ಹಿಂದೆ ಪೋರ್ಟ್ ಬ್ಲೇರ್, ಹ್ಯಾವ್ಲಾಕ್ ಎನ್ನುತ್ತಿದ್ದ ಅಂಡಮಾನಿನ ಶ್ರೀ ವಿಜಯಪುರಂ, ಸ್ವರಾಜ್ ದ್ವೀಪ‌ಗಳಿಗೆ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಪಾಸ್‌ಪೋರ್ಟ್ ಬೇಡ, ಆದರೆ ಪ್ರವೇಶ ಪರವಾನಗಿ ಬೇಕು. ಅದರ ಅಮಿನಿದಿವಿ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಸೇಂಟ್ ಮೇರೀಸ್‌ಗೆ ದೋಣಿಯ ಟಿಕೆಟ್ ಸಾಕು, ರಾತ್ರಿ ಉಳಿಯಲು ಮಾತ್ರ ಅಲ್ಲಿ ಮನೆಯೂ ಇಲ್ಲ, ರೆಸಾರ್ಟೂ ಇಲ್ಲ.

ತಪ್ಪು ಕಲ್ಪನೆ: ದಂಡೆಯಲ್ಲಿ ಬಿದ್ದ ಹವಳದ ತುಂಡು ತಂದರೆ ತಪ್ಪೇನು?

ಸತ್ಯ: ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ತಂದವರು ಕೇಸು ಎದುರಿಸಬೇಕಾದೀತು.

ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳೂ ಮನೆಯ ಹಿರಿಯರೂ ಒಂದು ಕೆಲಸ ಮಾಡಲಿ: ಬಸ್ಸಿನಿಂದ ಇಳಿದ ಕೂಡಲೇ ಜೀವರಕ್ಷಕ ಸಿಬ್ಬಂದಿ ಎಲ್ಲಿದ್ದಾರೆ ಎಂದು ನೋಡಿ, ಇವತ್ತು ನೀರಿಗೆ ಇಳಿಯಬಹುದೇ ಎಂದು ಅವರನ್ನೇ ಕೇಳಲಿ. ಕೆಂಪು ಬಾವುಟ ಹಾರುತ್ತಿದ್ದರೆ ಎಷ್ಟೇ ಈಜು ಬಲ್ಲವರಾದರೂ ನೀರಿಗೆ ಇಳಿಯಬಾರದು.